ಅಂತರ್ಜಾಲವನ್ನೊದಗಿಸುವವರ ಹೊಣೆ

(ಶ್ರೀಮಠದ ಸುವರ್ಣ ಮಹೋತ್ಸವದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಈ ಮಹೋತ್ಸವದಲ್ಲಿ ಪಂಚಾಚಾರಗಳ ವಿಷಯವಾಗಿ ಮಾತನಾಡಲು ಅನುಜ್ಞೆಯಾಗಬೇಕೆಂದು ನಾನು ಬೇಡಿಕೊಂಡಿದ್ದೆನು. ಶ್ರೀಗಳವರು, "ಪಂಚಾಚಾರಗಳನ್ನು ತಾವು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೀರಿ; ಈ ಸಲ ನಿಲಯದಲ್ಲಿ ನಡೆದುದನ್ನು ಹೇಳಿರಿ" ಎಂದು ಅಪ್ಪಣೆ ಕೊಡಿಸಿದರು. ತರ್ಕಸಂಗ್ರಹವನ್ನೂ ಸಿದ್ಧಾಂತಶಿಖಾಮಣಿಯನ್ನೂ ಬಾಯಿಪಾಠ ಮಾಡಿ ಬೆಳೆದ ನನಗೆ ಯಂತ್ರಗಳ ವಿದ್ಯೆ ಬಾರದು. ಬಲ್ಲವರನ್ನು ಕೇಳಿ ತಿಳಿದಷ್ಟನ್ನು ಮಾತ್ರ ಅರಿಕೆ ಮಾಡುತ್ತೇನೆ.

ನಡೆದುದು ಇಷ್ಟು. ನಮ್ಮ ಪ್ರಸಾದ ನಿಲಯದಲ್ಲಿ ಆಗ 62 ಮಂದಿ ವಿದ್ಯಾರ್ಥಿಗಳಿದ್ದರು. ಅವರ ಓದಿಗೆ ಅನುಕೂಲವಾಗಲೆಂದು ಭಕ್ತರೊಬ್ಬರು ಅಂತರ್ಜಾಲದ ಸಂಪರ್ಕವನ್ನು ಹಾಕಿಸಿಕೊಟ್ಟಿದ್ದರು. ಎಲ್ಲರಿಗೂ ಒಂದೇ ಸಂಪರ್ಕ, ಒಂದೇ ಪಾಸ್‌ವರ್ಡು. ಅದನ್ನು ಊಟದ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿತ್ತು. ಎರಡು ವರ್ಷಗಳ ಹಿಂದೆ ಕಾರ್ತಿಕಮಾಸದಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಕಾಗದವೊಂದನ್ನು ಹಿಡಿದುಕೊಂಡು ಬಂದರು. ಸಮೀಪದ ಊರಿನ ಕಾಲೇಜು ಕನ್ಯೆಯೊಬ್ಬಳ ಭಾವಚಿತ್ರವನ್ನು ಅಸಹ್ಯವಾಗಿ ತಿದ್ದಿ, ಸುಳ್ಳು ಹೆಸರಿನ ಖಾತೆಯಿಂದ ಯಾರೋ ಹರಡಿದ್ದರು. ಆ ಖಾತೆಯು ಎಲ್ಲಿಂದ ನಡೆಯಿತೆಂದು ಶೋಧಿಸಲಾಗಿ ಒಂದು ಸಂಖ್ಯೆ ದೊರೆಯಿತಂತೆ. ಅಂತರ್ಜಾಲವನ್ನು ಒದಗಿಸುವವರಿಗೆ ಆ ಸಂಖ್ಯೆಯನ್ನು ತೋರಿಸಿ, ಆ ದಿನ ಆ ವೇಳೆಯಲ್ಲಿ ಅದು ಯಾರ ಪಾಲಿಗೆ ಇತ್ತೆಂದು ಕೇಳಿದಾಗ ಅವರು ಕೊಟ್ಟ ಹೆಸರು ಶ್ರೀಮಠದ್ದು. 62 ಮಂದಿಯಲ್ಲಿ ಮಾಡಿದವನು ಯಾರೆಂದು ಅಧಿಕಾರಿಗಳು ಕೇಳಿದರು. ನಿಲಯದ ಮೇಲ್ವಿಚಾರಕನಾದ ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಆ ಹುಡುಗಿಯ ತಂದೆ ಬಂದರು. ಶ್ರೀಮಠದ ಹಳೆಯ ಭಕ್ತರು. ಜಾತ್ರೆಯಲ್ಲಿ ರಥಕ್ಕೆ ಹಗ್ಗ ಕೊಡುವ ಮನೆತನದವರು. ಒಳಗೆ ಬರಲೊಲ್ಲದೆ ಅಂಗಳದಲ್ಲಿಯೇ ನಿಂತು, "ಯಾವ ಹುಡುಗ ಮಾಡಿದ್ನೋ ನನಗ ಗೊತ್ತಿಲ್ರಿ ಶಾಸ್ತ್ರಿಗಳ. ಮಠದಿಂದ ಬಂದೈತಿ ಅಂತ ಅಂದ್ರು. ಮಠ ಅಂದಮ್ಯಾಲ ನಾ ಇನ್ಯಾರನ್ನ ಕೇಳ್ಲಿ?" ಎಂದರು. ಅವರಿಗೆ ನಾನು ಕೊಟ್ಟ ಉತ್ತರವನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ. "ದಾರಿ ಮಾಡಿಕೊಟ್ಟವನು ಆ ದಾರಿಯಲ್ಲಿ ನಡೆದವನ ಪಾಪಕ್ಕೆ ಹೊಣೆಯೆ, ಗೌಡರೆ?" ಎಂದೆನು. ಅವರು ಏನನ್ನೂ ಹೇಳದೆ ಹೊರಟುಹೋದರು. ಅಂದು ಬಾಯಿ ಮುಚ್ಚಿಸುವುದಕ್ಕೆಂದು ಆಡಿದ ಆ ಪ್ರಶ್ನೆಯನ್ನು ಇಂದು ನಿಜವಾದ ಪ್ರಶ್ನೆಯಾಗಿ ತೆಗೆದುಕೊಳ್ಳುತ್ತೇನೆ.

ಪ್ರಶ್ನೆಯು ಹೊಸದೆಂದು ತೋರಿದರೂ ಅದರ ಬೇರು ಹಳೆಯದು, ಅದೂ ನಮ್ಮ ನೆಲದ್ದೇ. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನು 1076 ರಿಂದ 1126 ರ ವರೆಗೆ ರಾಜ್ಯವಾಳಿದನು. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ಅದೇ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆ ಏಳುವುದಕ್ಕೆ ಕೆಲವು ದಶಕಗಳ ಮುಂಚಿನ ಮಾತಿದು. ಸ್ಮೃತಿಗಳ ವರ್ಣಭೇದವನ್ನು ಶರಣರು ಒಪ್ಪಿದವರಲ್ಲ, ನಾವೂ ಒಪ್ಪತಕ್ಕದ್ದಲ್ಲ. ಆದರೂ ಕಳವಿನ ವಿಚಾರದಲ್ಲಿ ಆ ಗ್ರಂಥವು ಮಾಡಿರುವ ವಿವೇಚನೆಯು ತಳ್ಳಿಬಿಡುವಂಥದಲ್ಲ. ಕಳ್ಳನಿಗಾಗಲಿ ಕೊಲೆಗಾರನಿಗಾಗಲಿ ಅನ್ನ, ಇರಲು ಎಡೆ, ಬೆಂಕಿ, ನೀರು, ಆಲೋಚನೆ, ಉಪಕರಣ, ದಾರಿಯ ಖರ್ಚು ಇವುಗಳನ್ನು ಕೊಟ್ಟವನಿಗೆ ಅಲ್ಲಿ ಉತ್ತಮ ಸಾಹಸವೆಂಬ ಅತಿ ಹೆಚ್ಚಿನ ದಂಡವು ಹೇಳಲ್ಪಟ್ಟಿದೆ. ಆದರೆ ಅದಕ್ಕೊಂದು ವಿಶೇಷಣವುಂಟು: ತಿಳಿದು ಕೊಟ್ಟಿರಬೇಕು. ದಾರಿಹೋಕನು ಬಾಯಾರಿ ಬಂದನೆಂದು ನೀರು ಕೊಟ್ಟ ಮನೆಯವಳಿಗೆ ಅವನು ಮುಂದಿನ ಊರಿನಲ್ಲಿ ಮಾಡಿದ ಕಳವಿನ ದೋಷವು ತಟ್ಟದು. ಕಳ್ಳನೆಂದು ತಿಳಿದೂ ನೀರಿನೊಡನೆ ಏಣಿಯನ್ನೂ ಕೊಟ್ಟವಳಿಗೆ ತಟ್ಟುವುದು. ನೀರು ಅದೇ, ಬೇರೆಯಾದುದು ಅರಿವು.

ಅದೇ ಪ್ರಕರಣದಲ್ಲಿ ಮತ್ತೊಂದು ವಿಧಿಯಿದೆ. ಊರೊಳಗೆ ಕೊಲೆಯೋ ಕಳವೋ ನಡೆದು, ಕಳ್ಳನ ಹೆಜ್ಜೆಯ ಜಾಡು ಊರಿನಿಂದ ಹೊರಬಿದ್ದುದು ಕಾಣದಿದ್ದರೆ ದೋಷವು ಗ್ರಾಮದ ಒಡೆಯನದು. ಊರೊಡೆಯನು ಕದ್ದನೆಂದು ಇದರ ಅರ್ಥವಲ್ಲ. ತನ್ನ ಎಲ್ಲೆಯೊಳಗೆ ಬಂದುಹೋದವರ ಜಾಡನ್ನು ತೋರಿಸಿಕೊಡುವ ಹೊಣೆ ಅವನದೆಂದು ಅರ್ಥ. ಈ ವಿಧಿಯನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಓದಿ, ಇಂತಹ ಹಳೆಯ ಮಾತು ಇನ್ನಾರಿಗೆ ಬೇಕೆಂದುಕೊಂಡಿದ್ದೆನು. ಜಾಡು ನಿಲಯದ ಬಾಗಿಲೊಳಕ್ಕೆ ಬಂದು ಅಲ್ಲಿಯೇ ಅಳಿಸಿಹೋದ ದಿನ ಅದು ನೆನಪಿಗೆ ಬಂದಿತು.

ಇನ್ನು ಶರಣರ ಕಾಯಕಗಳ ಕಡೆಗೆ ನೋಡೋಣ. ಅಂಬಿಗರ ಚೌಡಯ್ಯನವರದು ದೋಣಿಯ ಕಾಯಕ. ಸುಂಕದ ಬಂಕಣ್ಣನವರದು ಸುಂಕವೆತ್ತುವ ಕಾಯಕ. ಇಬ್ಬರೂ ದಾರಿಯ ಮೇಲೆ ನಿಂತವರೇ. ಆದರೆ ಮೂಟೆಯನ್ನು ಬಿಚ್ಚಿಸಿ ಒಳಗೇನಿದೆಯೆಂದು ನೋಡುವುದೇ ಸುಂಕದವನ ಕೆಲಸ. ಅಂಬಿಗನ ಕೆಲಸ ಅದಲ್ಲ. ದೋಣಿ ಏರಿದವನ ಮನಸ್ಸಿನಲ್ಲಿ ಏನಿದೆಯೆಂದು ಕೇಳುತ್ತ ಕುಳಿತರೆ ಹೊಳೆ ದಾಟುವವರು ದಂಡೆಯಲ್ಲಿಯೇ ಉಳಿದಾರು. ಆದಕಾರಣ ಅಂತರ್ಜಾಲವನ್ನು ಒದಗಿಸುವವನು ಅಂಬಿಗನೋ ಸುಂಕದವನೋ ಎಂಬುದನ್ನು ಮೊದಲು ನಿರ್ಣಯಿಸಬೇಕು.

ಬಲ್ಲವರು ಹೇಳುವುದೇನೆಂದರೆ: ನಾವು ಕಳುಹಿಸುವ ಚಿತ್ರವಾಗಲಿ ಬರಹವಾಗಲಿ ಇಡಿಯಾಗಿ ಹೋಗುವುದಿಲ್ಲ, ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಒಂದೊಂದರ ಮೇಲೂ ಹೋಗಬೇಕಾದ ವಿಳಾಸವು ಬರೆಯಲ್ಪಟ್ಟು, ಹಲವು ಯಂತ್ರಗಳನ್ನು ಹಾದು ಹೋಗಿ ಅತ್ತ ಕೂಡಿಕೊಳ್ಳುತ್ತದೆ. ಈಚಿನ ವರ್ಷಗಳಲ್ಲಿ ಆ ತುಣುಕುಗಳ ಒಳಗಿನದು ಬಹುಮಟ್ಟಿಗೆ ಗೂಢಲಿಪಿಯಲ್ಲಿರುವುದರಿಂದ, ಸಾಗಿಸುವವನಿಗೆ ವಿಳಾಸವು ಕಾಣುತ್ತದೆಯೇ ಹೊರತು ಒಳಗಿನ ಮಾತು ಕಾಣದು. ಯಾವ ಗಿರಾಕಿಗೆ ಯಾವ ಹೊತ್ತಿನಲ್ಲಿ ಯಾವ ಸಂಖ್ಯೆಯನ್ನು ಕೊಟ್ಟೆನೆಂಬ ಲೆಕ್ಕವು ಅವನಲ್ಲಿರುತ್ತದೆ. ಎಂದರೆ ಅವನು ಅಂಬಿಗನು; ಹೆಜ್ಜೆಯ ಜಾಡನ್ನು ತೋರಿಸಬಲ್ಲನು, ಮೂಟೆಯೊಳಗಿನದನ್ನು ಹೇಳಲಾರನು.

ಆಸ್ಟ್ರೇಲಿಯ ದೇಶದಲ್ಲಿ ಈ ವಿಚಾರವು ಮೇಲಿನ ನ್ಯಾಯಾಲಯದವರೆಗೆ ಹೋಗಿ ತೀರ್ಮಾನವಾಯಿತು. ಅಲ್ಲಿ ಐಐನೆಟ್ ಎಂಬ ಅಂತರ್ಜಾಲ ಸಂಸ್ಥೆಯ ಗಿರಾಕಿಗಳು ಚಲನಚಿತ್ರಗಳನ್ನು ಅಪ್ಪಣೆಯಿಲ್ಲದೆ ಹಂಚಿಕೊಳ್ಳುತ್ತಿದ್ದರು. ಚಿತ್ರ ತಯಾರಿಸುವ 34 ಸಂಸ್ಥೆಗಳು ಕೂಡಿ, ಗಿರಾಕಿಗಳನ್ನು ಬಿಟ್ಟು, ಸಂಪರ್ಕ ಕೊಟ್ಟ ಐಐನೆಟ್ಟಿನ ಮೇಲೆಯೇ ವ್ಯಾಜ್ಯ ಹೂಡಿದವು. 2012ರ ಏಪ್ರಿಲ್ 20ರಂದು ಆ ದೇಶದ ಉಚ್ಚ ನ್ಯಾಯಾಲಯವು ಅವರ ವಾದವನ್ನು ಏಕಮತದಿಂದ ತಳ್ಳಿಹಾಕಿತು. ಗಿರಾಕಿಯು ಏನು ಮಾಡುತ್ತಾನೆಂಬುದನ್ನು ನೇರವಾಗಿ ತಡೆಯುವ ಶಕ್ತಿ ಒದಗಿಸುವವನಿಗಿಲ್ಲ. ಸಂಪರ್ಕವನ್ನೇ ಕಡಿದುಹಾಕುವ ಶಕ್ತಿ ಮಾತ್ರ ಇದೆ. ಅಷ್ಟರಿಂದ ಅವನು ಅಪರಾಧಕ್ಕೆ ಸಮ್ಮತಿ ಕೊಟ್ಟನೆಂದು ಹೇಳಲಾಗದು, ಎಂಬುದು ನ್ಯಾಯಾಧೀಶರ ಅಭಿಪ್ರಾಯ. ಅರಿವಿನ ಜೊತೆಗೆ ಶಕ್ತಿಯನ್ನೂ ಅವರು ತೂಗಿ ನೋಡಿದರೆಂಬುದು ನನಗೆ ಹಿಡಿಸಿತು.

ನಮ್ಮ ದೇಶದ ಕಾಯಿದೆಯೂ ಸುತ್ತಿ ಬಳಸಿ ಇಲ್ಲಿಗೇ ಬಂದಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಕಲಮು, ತನಗೆ ಅರಿವಿಲ್ಲದೆ ನಡೆಯಿತೆಂದಾಗಲಿ, ತಾನು ತಕ್ಕ ಎಚ್ಚರವನ್ನು ವಹಿಸಿದ್ದೆನೆಂದಾಗಲಿ ಒದಗಿಸುವವನೇ ಸಾಧಿಸಿ ತೋರಿಸಿದರೆ ಅವನನ್ನು ಬಿಡುತ್ತಿತ್ತು. 2004ರಲ್ಲಿ ಬಾಜೀ.ಕಾಮ್ ಎಂಬ ಮಾರಾಟದ ತಾಣದಲ್ಲಿ ಯಾರೋ ಒಂದು ಅಶ್ಲೀಲ ಚಿತ್ರವನ್ನು ಮಾರಾಟಕ್ಕಿಟ್ಟರೆಂದು ಅದರ ಮುಖ್ಯಸ್ಥರನ್ನೇ ದಸ್ತಗಿರಿ ಮಾಡಲಾಯಿತು. ಸಂತೆಯಲ್ಲಿ ಒಬ್ಬನು ಕೆಟ್ಟ ಸರಕನ್ನು ಮಾರಿದರೆ ಸಂತೆಯ ಗುತ್ತಿಗೆದಾರನನ್ನು ಹಿಡಿದಂತಾಯಿತೆಂದು ಆಗ ದೊಡ್ಡ ಚರ್ಚೆ ನಡೆಯಿತು. 2008ರಲ್ಲಿ ಕಲಮು ತಿದ್ದಲ್ಪಟ್ಟು 2009ರ ಅಕ್ಟೋಬರಿನಿಂದ ಜಾರಿಗೆ ಬಂದಿತು. ಅದರಂತೆ, ಸಾಗಣೆಯನ್ನು ತಾನೇ ಪ್ರಾರಂಭಿಸದೆ, ಯಾರಿಗೆ ತಲುಪಬೇಕೆಂಬುದನ್ನು ತಾನು ಆರಿಸದೆ, ಒಳಗಿನ ಮಾತನ್ನು ಆರಿಸದೆ ಮಾರ್ಪಡಿಸದೆ ಇರುವ ಮಧ್ಯವರ್ತಿಗೆ ರಕ್ಷಣೆಯುಂಟು. ಅಪರಾಧಕ್ಕೆ ಪ್ರೇರಣೆ ಕೊಟ್ಟರೆ, ಇಲ್ಲವೆ ಅರಿವು ಬಂದ ಮೇಲೂ ಸುಮ್ಮನಿದ್ದರೆ ಆ ರಕ್ಷಣೆ ಇಲ್ಲ.

ಅರಿವು ಬಂದಿತೆಂಬುದು ಯಾವಾಗ? ಇದೇ ಗಂಟು. ಶ್ರೇಯಾ ಸಿಂಘಲ್ ಮೊಕದ್ದಮೆಯಲ್ಲಿ 2015ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯವು ಈ ಗಂಟನ್ನು ಬಿಡಿಸಿತು. ಯಾರೋ ಒಬ್ಬರು ದೂರು ಬರೆದ ಮಾತ್ರಕ್ಕೆ ಅರಿವು ಬಂದಂತಾಗದು. ನ್ಯಾಯಾಲಯದ ಆಜ್ಞೆ ಅಥವಾ ಸರ್ಕಾರದ ಅಧಿಸೂಚನೆ ಬಂದಾಗಲೇ ಕಾಯಿದೆಯ ದೃಷ್ಟಿಯಲ್ಲಿ ಅರಿವು, ಎಂದಿತು. ಕೋಟಿಗಟ್ಟಲೆ ದೂರುಗಳಲ್ಲಿ ಯಾವುದು ನ್ಯಾಯ, ಯಾವುದು ಅನ್ಯಾಯವೆಂದು ವ್ಯಾಪಾರದ ಸಂಸ್ಥೆಯೊಂದು ನಿರ್ಣಯಿಸತೊಡಗಿದರೆ ಅದೇ ನ್ಯಾಯಪೀಠವಾಗಿ ಕುಳಿತೀತೆಂಬ ಭಯವು ಅಲ್ಲಿತ್ತು. 2021ರ ನಿಯಮಗಳು ಇದಕ್ಕೊಂದು ಹೊರತನ್ನು ಕಲ್ಪಿಸಿದವು. ಒಬ್ಬರ ಗುಪ್ತಾಂಗಗಳನ್ನು ತೋರಿಸುವ ಚಿತ್ರವಾಗಲಿ, ತಿದ್ದಿ ಕೆಡಿಸಿದ ಚಿತ್ರವಾಗಲಿ ಹರಡಿದರೆ, ನೊಂದವರ ಅಥವಾ ಅವರ ಪರವಾದವರ ದೂರಿನ ಮೇಲೆಯೇ, ನ್ಯಾಯಾಲಯದ ಆಜ್ಞೆಗೆ ಕಾಯದೆ, 24 ಗಂಟೆಗಳೊಳಗೆ ಮರೆಮಾಡತಕ್ಕದ್ದೆಂದು ಆಗ ವಿಧಿಸಲಾಯಿತು. ಆ ನಿಯಮಗಳು ಅನಂತರವೂ ತಿದ್ದುಪಡಿ ಹೊಂದುತ್ತ ಬಂದಿವೆ. ಗೌಡರ ಮಗಳ ಚಿತ್ರವು ದೂರು ಕೊಟ್ಟ ಮರುದಿನವೇ ಮರೆಯಾದುದು ಇಂತಹ ನಿಯಮದಿಂದಲೇ. ಆದರೆ ಅಷ್ಟರೊಳಗೆ ಅದು ಮೂರು ಊರುಗಳ ಮೊಬೈಲುಗಳನ್ನು ಸೇರಿತ್ತು.

ಇಲ್ಲಿಯವರೆಗೆ ಅಂಬಿಗನ ಪಕ್ಷವನ್ನು ಹೇಳಿದೆನು. ಆದರೆ ಅಂಬಿಗನ ವೇಷವನ್ನು ಹಾಕಿಕೊಂಡು ಬೇರೆ ಕಸುಬು ಮಾಡುವವರೂ ಇದ್ದಾರೆ. ಆಪಸ್ತಂಬ ಧರ್ಮಸೂತ್ರದಲ್ಲಿ ಒಂದು ಕರ್ಮದ ಫಲಕ್ಕೆ ಪ್ರೇರಿಸಿದವನು, ಅನುಮೋದಿಸಿದವನು, ಮಾಡಿದವನು ಎಂದು ಮೂವರು ಭಾಗಿಗಳನ್ನು ಹೇಳಿ, ಯಾರ ಪಾಲು ಕೆಲಸದಲ್ಲಿ ಹೆಚ್ಚೋ ಅವರಿಗೆ ಫಲವೂ ಹೆಚ್ಚೆಂದಿದೆ. ತಂತಿಯನ್ನು ಎಳೆದು ಸಂಪರ್ಕ ಕೊಟ್ಟವನು ಈ ಮೂವರಲ್ಲಿ ಯಾರೂ ಅಲ್ಲ. ಜನರು ನೋಡುತ್ತಲೇ ಇರಲಿ, ನೋಡಿದಷ್ಟೂ ತನಗೆ ಜಾಹೀರಾತಿನ ಹಣ ಬರಲಿ ಎಂದು ಸಿಟ್ಟು ಬರಿಸುವುದನ್ನೂ ಹೆದರಿಸುವುದನ್ನೂ ಆರಿಸಿ ಆರಿಸಿ ಮುಂದಕ್ಕೆ ತಳ್ಳುವ ತಾಣಗಳನ್ನು ಬರಿಯ ಸಾಗಿಸುವವರೆಂದು ನಾನು ಒಪ್ಪಲಾರೆನು. ಯಾರಿಗೆ ಏನು ತಲುಪಬೇಕೆಂಬುದನ್ನು ಆರಿಸುವುದೇ ಅವರ ಉದ್ಯೋಗವಾದ ಮೇಲೆ ಅವರು ಪ್ರೇರಿಸಿದವರ ಪಂಕ್ತಿಗೆ ಸೇರಿದರೆಂಬುದು ನನ್ನ ಅಭಿಪ್ರಾಯ.

ಕಲ್ಯಾಣವಿರುವ ಬೀದರ ಜಿಲ್ಲೆಯಲ್ಲಿಯೇ 2018ರ ಜುಲೈ 13ರಂದು ನಡೆದುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಹೈದರಾಬಾದಿನ ಕಡೆಯಿಂದ ಕೆಲವರು ಸ್ನೇಹಿತರು ಕಾರಿನಲ್ಲಿ ಬಂದವರು, ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಆ ದಿನಗಳಲ್ಲಿ ದೇಶವೆಲ್ಲ ಹರಡಿತ್ತು. ಇವರೇ ಅವರೆಂದು ವಾಟ್ಸಾಪಿನಲ್ಲಿ ಸುದ್ದಿಯು ಅವರ ಕಾರಿಗಿಂತ ಮುಂದಾಗಿ ಓಡಿತು. ಮುರ್ಕಿ ಗ್ರಾಮದಲ್ಲಿ ಜನರು ಅಡ್ಡಗಟ್ಟಿ ಹೊಡೆದರು. ಒಬ್ಬ ತರುಣ ಇಂಜಿನಿಯರನು ಸತ್ತನು. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಹೊಡೆದವರು ತಾವು ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ನಂಬಿದ್ದರು, ಇದನ್ನು ಮರೆಯಬಾರದು. ಮುಂದಕ್ಕೆ ಕಳುಹಿಸಿದವರಲ್ಲಿ ಒಬ್ಬೊಬ್ಬನೂ "ನಾನು ಬರೆದುದಲ್ಲ, ಬಂದುದನ್ನು ಕಳುಹಿಸಿದೆನು" ಎಂದೇ ಹೇಳಿಯಾನು. ನಾನು ಗೌಡರಿಗೆ ಹೇಳಿದ ಮಾತಿಗೂ ಇದಕ್ಕೂ ದೂರವೆಷ್ಟು?

ಅದೇ ತಿಂಗಳಲ್ಲಿ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದಕ್ಕೆ ಕಳುಹಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. ಆ ಸಂಸ್ಥೆಯ ಸಂದೇಶಗಳು 2016ರಿಂದ ಎರಡು ತುದಿಗಳ ನಡುವೆ ಗೂಢಲಿಪಿಯಲ್ಲಿಯೇ ಹೋಗುತ್ತವೆ, ಸಂಸ್ಥೆಯವರೂ ಓದಲಾರರು. ಅದಾಗ್ಯೂ ಒಂದು ಕಾಗದವನ್ನೂ ಒಡೆದು ನೋಡದೆ ಬಾಗಿಲನ್ನು ಕಿರಿದು ಮಾಡುವುದು ಅವರಿಂದ ಸಾಧ್ಯವಾಯಿತು. ಪರರ ಮಾತನ್ನು ಕದ್ದು ಕೇಳದೆಯೂ ಮಾಡಬಹುದಾದ ಎಚ್ಚರಗಳು ಬಹಳವಿವೆಯೆಂಬುದಕ್ಕೆ ಇದು ಸಾಕ್ಷಿ. ಅವನ್ನು ಒಂದು ಸಾವು ನಡೆಯುವ ಮುಂಚೆ ಮಾಡಬಹುದಿತ್ತಲ್ಲವೆ ಎಂದು ಯಾರಾದರೂ ಕೇಳಿದರೆ ಆ ಸಂಸ್ಥೆಯಲ್ಲಿ ಉತ್ತರವಿದೆಯೆಂದು ನನಗೆ ತೋರುವುದಿಲ್ಲ.

ಹಾಗೆಂದು ಸಾಗಿಸುವವರ ಕತ್ತನ್ನು ಹಿಡಿಯಿರೆಂದು ಕೂಗುವವರ ಜೊತೆಗೂ ನಾನು ನಿಲ್ಲಲಾರೆನು. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಸುಳ್ಳು ಸುದ್ದಿಗೆ ಹೆದರಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದಾಗ, ಸರ್ಕಾರವು ದೇಶದಲ್ಲಿ ಕಿರುಸಂದೇಶಗಳನ್ನು ಕಳುಹಿಸುವುದಕ್ಕೆ ಕೆಲವು ದಿನ ಮಿತಿಯನ್ನು ಹಾಕಿತು. ಭಯವು ದೊಡ್ಡದಾಗಿತ್ತು, ಅಷ್ಟು ದಿನಗಳ ಮಟ್ಟಿಗೆ ಅದು ಸರಿಯೆಂದೇ ಇಟ್ಟುಕೊಳ್ಳೋಣ. ಆದರೆ ಸಾಗಿಸಿದ ಪ್ರತಿ ಮಾತಿಗೂ ದಂಡವೆಂದಾದರೆ, ಸಾಗಿಸುವವನು ಸಂದೇಹ ಬಂದುದನ್ನೆಲ್ಲ ಬಿಸುಡುವನು. ಆಗ ಮೊದಲು ಬಿಸುಡಲ್ಪಡುವುದು ಬಲವಿಲ್ಲದವರ ಮಾತು. ನಮ್ಮ ಸಂಪ್ರದಾಯವು ಹೇಳುವಂತೆ, ಕಲ್ಯಾಣವು ಅಲ್ಲೋಲಕಲ್ಲೋಲವಾದಾಗ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರು. ಆ ದಾರಿಯ ಹೊಳೆಗಳಲ್ಲಿ ಅವರನ್ನು ದಾಟಿಸಿದ ಅಂಬಿಗರು ಇದ್ದಿರಲೇಬೇಕು. ಕಟ್ಟುಗಳನ್ನು ಬಿಚ್ಚಿ ನೋಡಿರಿ, ಅರಸನಿಗೆ ಒಪ್ಪದ ಮಾತಿದ್ದರೆ ನಿಮಗೇ ಶಿಕ್ಷೆ ಎಂದು ಅವರಿಗೆ ಕಟ್ಟಳೆಯಾಗಿದ್ದರೆ ಏನಾಗುತ್ತಿತ್ತೆಂಬುದನ್ನು ಈ ಮಠದ ಭಕ್ತರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಿಲಯದ ಸಂಗತಿಗೆ ಮರಳುತ್ತೇನೆ. ಕಾಯಿದೆಯನ್ನು ಬಲ್ಲ ಭಕ್ತರೊಬ್ಬರು, "ತಾವು ಹೆದರಬೇಡಿರಿ, ತಾವು ಮಾಡಿದುದೇನೂ ಇಲ್ಲ" ಎಂದು ನನಗೆ ಸಮಾಧಾನ ಹೇಳಿದರು. 2008ರ ಜುಲೈ 26ರಂದು ಅಹಮದಾಬಾದಿನ ಸ್ಫೋಟಗಳಿಗೆ ಕೆಲವೇ ನಿಮಿಷಗಳ ಮುಂಚೆ ಹೋದ ಬೆದರಿಕೆಯ ಇ-ಮೇಲು, ನವೀ ಮುಂಬಯಿಯಲ್ಲಿದ್ದ ಒಬ್ಬ ಅಮೆರಿಕದವರ ಮನೆಯ ಬೀಗವಿಲ್ಲದ ವೈಫೈಯಿಂದ ಹೋಗಿತ್ತೆಂದೂ, ವಿಚಾರಣೆಯಲ್ಲಿ ಕಳುಹಿಸಿದವರು ಅವರಲ್ಲವೆಂದು ತಿಳಿದುಬಂದಿತೆಂದೂ ಅವರೇ ಉದಾಹರಿಸಿದರು. ನನಗೂ ಸಮಾಧಾನವಾಯಿತು. ರಾತ್ರಿಯವರೆಗೆ ಮಾತ್ರ.

ಏಕೆಂದರೆ ಪೊಲೀಸರು ಬರುವುದಕ್ಕೆ ಹದಿನೈದು ದಿನಗಳ ಮುಂಚೆ ನಿಲಯದ ಒಬ್ಬ ಚಿಕ್ಕ ವಿದ್ಯಾರ್ಥಿಯು ನನ್ನ ಕೋಣೆಗೆ ಬಂದು, ದೊಡ್ಡ ಹುಡುಗರು ಕೆಲವರು ರಾತ್ರಿ ಹುಡುಗಿಯರ ಚಿತ್ರಗಳನ್ನು ತಿದ್ದಿ ನಗುತ್ತಿರುತ್ತಾರೆಂದು ಹೇಳಿದ್ದನು. ನಾನು ಅಂದು ಈ ಮಹೋತ್ಸವದ ಸಂಪುಟಕ್ಕಾಗಿಯೇ ಹಸ್ತಪ್ರತಿಯೊಂದನ್ನು ನೋಡುತ್ತಿದ್ದೆನು. "ಚಾಡಿ ಹೇಳಬಾರದಪ್ಪಾ, ಹೋಗಿ ಓದಿಕೋ" ಎಂದು ಕಳುಹಿಸಿದೆನು. ಸರ್ವೋಚ್ಚ ನ್ಯಾಯಾಲಯದ ಮಾತಿನಂತೆ ಅದು ಅರಿವಲ್ಲ. ನ್ಯಾಯಾಲಯದ ಆಜ್ಞೆ ನನಗೆ ಬಂದಿರಲಿಲ್ಲ. ದೊಡ್ಡ ಸಂಸ್ಥೆಗೆ ಆ ಅಳತೆಯೇ ತಕ್ಕದ್ದೆಂದು ಈಗ ತಾನೆ ಒಪ್ಪಿದೆನಷ್ಟೆ. ಅದು ಕಾಣದ ಕೋಟಿ ಜನರೊಡನೆ ವ್ಯವಹರಿಸುತ್ತದೆ. ನಾನು 62 ಮಂದಿಯ ಹೆಸರನ್ನೂ ಅವರ ತಂದೆತಾಯಿಗಳ ಹೆಸರನ್ನೂ ಬಲ್ಲವನು. ಅವರೊಡನೆ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವವನು. ಎದ್ದು ಆ ಕೋಣೆಯವರೆಗೆ ಹೋಗಿದ್ದರೆ ಸಾಕಾಗಿತ್ತು. ವಿಜ್ಞಾನೇಶ್ವರನ ವಿಶೇಷಣಕ್ಕೆ ನಾನು ಸಿಕ್ಕಿಬಿದ್ದೆನು; ನೀರು ಕೊಟ್ಟುದಕ್ಕಾಗಿ ಅಲ್ಲ, ಏಣಿ ಇಳಿದುಬರುತ್ತಿದೆಯೆಂದು ಮಗುವೊಂದು ಕೂಗಿದಾಗ ಕಿವಿ ಮುಚ್ಚಿಕೊಂಡುದಕ್ಕಾಗಿ.

ತಪ್ಪು ಮಾಡಿದವನು ಒಂಬತ್ತನೆಯ ದಿನ ತಾನಾಗಿಯೇ ಬಂದು ಒಪ್ಪಿಕೊಂಡನು. ವ್ಯವಹಾರವು ನ್ಯಾಯಾಲಯದಲ್ಲಿರುವುದರಿಂದ ಅವನ ವಿಷಯವಾಗಿ ಹೆಚ್ಚು ಹೇಳುವಂತಿಲ್ಲ. ಸಂಪರ್ಕವನ್ನೇ ಕಿತ್ತುಹಾಕಿಸಬೇಕೆಂದು ಕೆಲವರು ಭಕ್ತರು ಸೂಚಿಸಿದರು. ವಿದ್ಯಾರ್ಥಿವೇತನದ ಅರ್ಜಿಯಿಂದ ಪರೀಕ್ಷೆಯ ಫಲಿತಾಂಶದವರೆಗೆ ಬಡ ಹುಡುಗರಿಗೆ ಅದೇ ದಾರಿಯಾಗಿರುವಾಗ ಒಬ್ಬನ ತಪ್ಪಿಗೆ 61 ಮಂದಿಯನ್ನು ದಂಡೆಯಲ್ಲಿ ನಿಲ್ಲಿಸುವುದು ಬೇಡವೆಂದು ಶ್ರೀಗಳವರು ಅಪ್ಪಣೆ ಕೊಡಿಸಿದರು. ಈಗ ಗೋಡೆಯ ಮೇಲಿನ ಬರಹವಿಲ್ಲ. ಒಬ್ಬೊಬ್ಬ ವಿದ್ಯಾರ್ಥಿಗೂ ಬೇರೆ ಬೇರೆ ಪಾಸ್‌ವರ್ಡು ಇದೆ. ಯಾರು ಯಾವ ಹೊತ್ತಿನಲ್ಲಿ ಸಂಪರ್ಕವನ್ನು ಬಳಸಿದರೆಂಬುದು ದಾಖಲಾಗುತ್ತದೆ. ಅವರು ಏನನ್ನು ಓದಿದರೆಂಬುದನ್ನು ನಾವು ನೋಡುವುದಿಲ್ಲ, ನೋಡತಕ್ಕದ್ದೂ ಅಲ್ಲ. ಸಂಜೆಯ ಪ್ರಾರ್ಥನೆಯ ಮೇಲೆ ಅರ್ಧ ಗಂಟೆ ನನ್ನ ಕೋಣೆಯ ಬಾಗಿಲು ತೆರೆದಿರುತ್ತದೆ. ಆ ಚಿಕ್ಕ ಹುಡುಗನು, ಈಗ ಅಷ್ಟು ಚಿಕ್ಕವನಲ್ಲ, ಒಮ್ಮೊಮ್ಮೆ ಬಂದು ಕುಳಿತು ಹೋಗುತ್ತಾನೆ.

ಗೌಡರ ಮನೆಗೆ ನಾನು ಹೋಗಿದ್ದೆನು. ಹದಿನೈದು ದಿನ ಮುಂಚಿನ ಸಂಗತಿಯನ್ನು ಮುಚ್ಚಿಡದೆ ಹೇಳಿ ಕ್ಷಮೆ ಬೇಡಿದೆನು. ಅವರು ಕೇಳಿಸಿಕೊಂಡರು, ಅವರ ಮನೆಯವರು ಹಾಲು ತಂದಿಟ್ಟರು, ಮಾತು ಹೆಚ್ಚು ಬೆಳೆಯಲಿಲ್ಲ. ಹುಡುಗಿ ಆ ವರ್ಷ ಪರೀಕ್ಷೆಗೆ ಕೂಡಲಿಲ್ಲ. ಮರುವರ್ಷ ಬೇರೆ ಊರಿನ ಕಾಲೇಜಿಗೆ ಸೇರಿದಳು. ಈ ಸಲದ ಜಾತ್ರೆಗೆ ಗೌಡರು ಎಂದಿನಂತೆ ರಥದ ಹಗ್ಗವನ್ನು ಕಳುಹಿಸಿಕೊಟ್ಟರು. ತಾವು ಬರಲಿಲ್ಲ.